ನಂಬಿಕೆಯ ಅಂಗಡಿಯೂ ಟೆಲಿವಿಷನ್ನಿನ ಪರದೆಯೂ

ಅಪವಾದಕ್ಕೆ ಗುರಿಯಾದ ಬ್ಯಾಂಕಿನ ಮುಖ್ಯಾಧಿಕಾರಿ ಜನರೆದುರು ಬಂದು ಮಾತನಾಡಬೇಕೇ? ಮಾತನಾಡಿದರೆ ಕಳೆದ ಹೆಸರು ಮರಳಿ ಬರುವುದೇ?

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪ್ ಎಂದು ಹೆಸರಾದ ವಸತಿಗಳಿವೆ. ಆ ಎರಡು ಅಕ್ಷರಗಳು ಪುನರ್ವಸತಿಯೆಂಬುದರ ಇಂಗ್ಲಿಷ್ ಸಂಕ್ಷೇಪ. ಪೂರ್ವ ಬಂಗಾಳದಲ್ಲಿ ಮನೆಮಠಗಳನ್ನು ಕಳೆದುಕೊಂಡು ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸರ್ಕಾರವು ಇಲ್ಲಿ ನೆಲೆಯನ್ನು ಕಲ್ಪಿಸಿಕೊಟ್ಟಿತು. ತುಂಗಭದ್ರಾ ಎಡದಂಡೆ ನಾಲೆಯ ನೀರುಂಡು ಭತ್ತ ಬೆಳೆಯುವ ಸೀಮೆಯಿದು. ಮನೆಯೊಳಗೆ ಬಂಗಾಳಿ, ಹೊಸ್ತಿಲು ದಾಟಿದರೆ ಕನ್ನಡ. ಹೀಗೆ ಎರಡು ನುಡಿಗಳ ನಡುವೆ ಇಲ್ಲಿಯ ಬಾಳು ಸಾಗಿದೆ.

ಇಂಥ ಒಂದು ಮನೆಯ ಸಂಜೆಯನ್ನು ಓದುಗರು ಊಹಿಸಿಕೊಳ್ಳಬಹುದು. ಸುಗ್ಗಿ ಮುಗಿದಿದೆ. ಭತ್ತ ಮಾರಿ ಬಂದ ಹಣ ಸಿಂಧನೂರಿನ ಬ್ಯಾಂಕೊಂದರಲ್ಲಿದೆ. ಮಗಳ ಮದುವೆಗೆಂದು ಒಂದು ಪಾಲು, ಮುಂದಿನ ಬೆಳೆಯ ಗೊಬ್ಬರಕ್ಕೆಂದು ಇನ್ನೊಂದು ಪಾಲು. ಊಟಕ್ಕೆ ಮೊದಲು ಟೆಲಿವಿಷನ್ ಹಾಕಿದರೆ, ಅದೇ ಬ್ಯಾಂಕಿನ ಹೆಸರು ಪರದೆಯ ಮೇಲೆ ಮೂಡುತ್ತದೆ. ಕೋಟು ತೊಟ್ಟ ಗಂಭೀರ ವ್ಯಕ್ತಿಯೊಬ್ಬರು, ಹಣವೆಲ್ಲ ಭದ್ರವಾಗಿದೆ, ಯಾರೂ ಗಾಬರಿಯಾಗಬೇಕಿಲ್ಲ ಎಂದು ಹೇಳುತ್ತಿದ್ದಾರೆ. ಅಲ್ಲಿಯವರೆಗೆ ಗಾಬರಿಯ ಸುಳಿವೂ ಇಲ್ಲದ ಮನೆಯಲ್ಲಿ ಆ ಕ್ಷಣದಿಂದ ಗಾಬರಿ ಹುಟ್ಟುತ್ತದೆ. ಅಜ್ಜಿ ಮೆಲ್ಲನೆ ಕೇಳುತ್ತಾಳೆ: “ಭದ್ರವಾಗಿದ್ದರೆ ಹೇಳುವುದೇಕೆ?”

ಬ್ಯಾಂಕಿನ ವ್ಯವಹಾರದ ಅತಿ ಕಠಿಣವಾದ ಸಮಸ್ಯೆ ಆ ಅಜ್ಜಿಯ ಪ್ರಶ್ನೆಯಲ್ಲಿಯೇ ಅಡಗಿದೆ. ಸುಮ್ಮನಿದ್ದರೆ ಗಾಳಿಮಾತು ಬೆಳೆಯುತ್ತದೆ. ಬಾಯಿಬಿಟ್ಟರೆ, ಗಾಳಿಮಾತು ತಲುಪದ ಕಡೆಗೂ ಅದನ್ನು ಹೊತ್ತುಕೊಂಡು ಹೋದಂತಾಗುತ್ತದೆ. ಹೀಗಿರುವಲ್ಲಿ ಬ್ಯಾಂಕಿನ ಮುಖ್ಯಾಧಿಕಾರಿಯಾದವನು ಮಾಡಬೇಕಾದುದೇನು?

ಎರಡಾಣೆಯ ನಂಟು

ಜವಳಿ ಅಂಗಡಿಯ ಮೇಲೆ ಅಪವಾದ ಬಂದರೆ ವ್ಯಾಪಾರ ಕುಗ್ಗೀತು. ಸೀರೆಗಳು ಕಪಾಟಿನಲ್ಲಿಯೇ ಇರುತ್ತವೆ. ಬ್ಯಾಂಕಿನ ಸ್ಥಿತಿ ಹಾಗಲ್ಲ. ಜನರು ಇಟ್ಟ ಠೇವಣಿಯ ಬಹುಭಾಗವನ್ನು ಅದು ಮನೆ ಕಟ್ಟುವವರಿಗೆ, ಬೆಳೆಯಿಡುವವರಿಗೆ, ಕಾರ್ಖಾನೆಯವರಿಗೆ ಸಾಲವಾಗಿ ಕೊಟ್ಟಿರುತ್ತದೆ. ಸಾಲ ಮರಳುವುದು ವರ್ಷಗಳ ಮೇಲೆ. ಠೇವಣಿದಾರನಾದರೋ ನಾಳೆ ಬೆಳಗ್ಗೆಯೇ ಕೇಳಬಹುದು. ಎಲ್ಲರೂ ಒಂದೇ ದಿನ ಕೇಳಲಾರರೆಂಬ ಭರವಸೆಯ ಮೇಲೆ ಜಗತ್ತಿನ ಎಲ್ಲ ಬ್ಯಾಂಕುಗಳೂ ನಿಂತಿವೆ. ಆದುದರಿಂದ, ಲೆಕ್ಕಪತ್ರಗಳೆಲ್ಲ ಸರಿಯಾಗಿರುವ ಬ್ಯಾಂಕು ಕೂಡ ಬರಿಯ ಭಯದಿಂದ ಮುಗ್ಗರಿಸಬಹುದು. ಬ್ಯಾಂಕೆಂಬುದು ನಂಬಿಕೆಯನ್ನು ಮಾರುವ ಅಂಗಡಿ. ಅದು ಬರಿದಾದರೆ ಅಲ್ಲಿ ಉಳಿಯುವುದು ಕಟ್ಟಡ ಮಾತ್ರ.

ಈ ಸತ್ಯವನ್ನು ಕನ್ನಡ ಕರಾವಳಿಯವರು ಬಹಳ ಹಿಂದೆಯೇ ಅರಿತಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಟಿ.ಎಂ.ಎ. ಪೈಗಳ ಹೆಸರಿನೊಡನೆ ಬೆಸೆದುಕೊಂಡಿರುವ ಈ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆದುಕೊಂಡು ಹೋಗುತ್ತಿದ್ದನು. ಎರಡಾಣೆ ಕೊಟ್ಟ ಗೃಹಿಣಿ ಬ್ಯಾಂಕಿನ ಅಧ್ಯಕ್ಷರನ್ನು ಕಂಡವಳಲ್ಲ. ಆದರೆ ದಿನವೂ ಬರುವ ಆ ಮುಖವನ್ನು ಬಲ್ಲಳು. ಅವನ ಮನೆ ಎಲ್ಲಿದೆಯೆಂಬುದನ್ನೂ ಬಲ್ಲಳು. ಸಂದೇಹ ಬಂದರೆ ಮರುದಿನ ಬಾಗಿಲಲ್ಲಿಯೇ ನಿಲ್ಲಿಸಿ ಕೇಳಬಹುದಾಗಿತ್ತು.

ಸಿಂಧನೂರಿನ ಕಡೆಯ ನಿದರ್ಶನವೂ ಇದೆ. 1976ರಲ್ಲಿ ಸ್ಥಾಪನೆಯಾದ ತುಂಗಭದ್ರಾ ಗ್ರಾಮೀಣ ಬ್ಯಾಂಕು ಬಳ್ಳಾರಿ, ರಾಯಚೂರು ಸೀಮೆಯ ಹಳ್ಳಿಗಳಿಗೆ ಬ್ಯಾಂಕನ್ನು ಪರಿಚಯಿಸಿತು. ಅದು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. 2013ರಲ್ಲಿ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಾಯಿತು. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಕೂಡಿತು. ಪಾಸ್ ಪುಸ್ತಕದ ಮೇಲಿನ ಹೆಸರು ಇಷ್ಟು ಸಲ ಬದಲಾದರೂ ರೈತನು ಹಣ ಕಿತ್ತುಕೊಂಡು ಓಡಲಿಲ್ಲ. ಹೆಸರು ಬದಲಾಗಿದೆಯೇ ಹೊರತು ಖಾತೆಯಲ್ಲ ಎಂಬುದನ್ನು ಕೌಂಟರಿನ ಆಚೆ ಕುಳಿತ ಗುಮಾಸ್ತನ ಬಾಯಿಂದ ಕೇಳಿದರೆ ಅವನಿಗೆ ಸಾಕು.

ಆದರೆ ಎಲ್ಲ ಬ್ಯಾಂಕುಗಳೂ ಇಷ್ಟು ಹತ್ತಿರದವಲ್ಲ. ಸಾವಿರಾರು ಶಾಖೆಗಳ, ಹಲವು ದೇಶಗಳಲ್ಲಿ ವ್ಯವಹಾರವುಳ್ಳ ಬ್ಯಾಂಕಿಗೆ ಒಂದು ರಾತ್ರಿಯಲ್ಲಿ ಅಪವಾದ ತಗುಲಿದಾಗ ಯಾವ ಗುಮಾಸ್ತನ ಮಾತೂ ಸಾಲದು. ಅಂಥ ಪರೀಕ್ಷೆ ಕನ್ನಡನಾಡಿನ ಒಬ್ಬ ಮಗನಿಗೇ ಒದಗಿತು.

ಮಂಗಳೂರಿನ ಕಾಮತರು

ಕೆ.ವಿ. ಕಾಮತರು ಹುಟ್ಟಿದುದು 1947ರಲ್ಲಿ, ಮಂಗಳೂರಿನಲ್ಲಿ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಿಂದ 1969ರಲ್ಲಿ ಪದವೀಧರರಾಗಿ, ಅಹಮದಾಬಾದಿನಲ್ಲಿ ವ್ಯವಹಾರ ನಿರ್ವಹಣೆಯನ್ನು ಅಭ್ಯಸಿಸಿ, 1971ರಲ್ಲಿ ಐಸಿಐಸಿಐ ಸಂಸ್ಥೆಯನ್ನು ಸೇರಿದರು. ನಡುವೆ ಕೆಲವು ವರ್ಷ ಏಷ್ಯಾ ಅಭಿವೃದ್ಧಿ ಬ್ಯಾಂಕಿನಲ್ಲಿದ್ದು, 1996ರಲ್ಲಿ ಮರಳಿ ಬಂದು ಸಂಸ್ಥೆಯ ಚುಕ್ಕಾಣಿ ಹಿಡಿದರು. ಅವರ ಕಾಲದಲ್ಲಿ ಐಸಿಐಸಿಐ ಬ್ಯಾಂಕು ದೇಶದ ಖಾಸಗಿ ಬ್ಯಾಂಕುಗಳಲ್ಲೆಲ್ಲ ದೊಡ್ಡದಾಯಿತು.

ಈ ಬ್ಯಾಂಕಿಗೆ ಗಾಳಿಮಾತು ಹೊಸದಾಗಿರಲಿಲ್ಲ. 2003ರ ಏಪ್ರಿಲ್ ತಿಂಗಳಲ್ಲಿಯೇ ಗುಜರಾತಿನಲ್ಲಿ ಹಬ್ಬಿದ ಸುದ್ದಿಯೊಂದರಿಂದ ಠೇವಣಿದಾರರು ಅದರ ಶಾಖೆಗಳಿಗೆ ಮುಗಿಬಿದ್ದಿದ್ದರು. ಆದರೆ 2008ರ ಗಂಡಾಂತರ ಬೇರೆ ಬಗೆಯದು. ಆ ವರ್ಷ ಸೆಪ್ಟೆಂಬರ್ 15ರಂದು ಅಮೆರಿಕದ ಲೆಹ್‌ಮನ್ ಬ್ರದರ್ಸ್ ಸಂಸ್ಥೆ ದಿವಾಳಿಯೆದ್ದಿತು. ಐಸಿಐಸಿಐ ಬ್ಯಾಂಕಿನ ಬ್ರಿಟನ್ನಿನ ಅಂಗಸಂಸ್ಥೆಯು ಲೆಹ್‌ಮನ್‌ನ ಸಾಲಪತ್ರಗಳಲ್ಲಿ 5.7 ಕೋಟಿ ಯೂರೋಗಳಷ್ಟನ್ನು ತೊಡಗಿಸಿತ್ತು. ಬ್ಯಾಂಕಿನ ಗಾತ್ರಕ್ಕೆ ಇದು ಸಣ್ಣ ಮೊತ್ತ. ಆದರೆ ಭಯವು ತಕ್ಕಡಿ ಹಿಡಿದು ಕೂರುವುದಿಲ್ಲ. ತಿಂಗಳ ಕೊನೆಯ ವೇಳೆಗೆ ಕೆಲವು ಊರುಗಳಲ್ಲಿ ಬ್ಯಾಂಕಿನ ಎ.ಟಿ.ಎಂ.ಗಳ ಮುಂದೆ ಜನರ ಸಾಲು ಬೆಳೆಯಿತು.

ಕಾಮತರು ಮೌನವಾಗಿರಲಿಲ್ಲ, ಟೆಲಿವಿಷನ್ ವಾಹಿನಿಗಳಲ್ಲಿ ಕಾಣಿಸಿಕೊಂಡು ಬ್ಯಾಂಕಿನ ಸ್ಥಿತಿಯನ್ನು ವಿವರಿಸಿದರು. ಆಗ ಹಣಕಾಸಿನ ಹೊಣೆ ಹೊತ್ತಿದ್ದ ಚಂದಾ ಕೊಚ್ಚಾರರೂ ಹಾಗೆಯೇ ಮಾತನಾಡಿದರು. ಆ ಮಾತುಗಳ ಬೆನ್ನಿಗೆ ಇನ್ನೆರಡು ಸಂಗತಿಗಳಿದ್ದವು. ಮೊದಲನೆಯದು, ನಗದು: ಕೇಳಿದವರಿಗೆಲ್ಲ ಹಣ ಸಿಕ್ಕುವಂತೆ ಶಾಖೆಗಳಿಗೂ ಎ.ಟಿ.ಎಂ.ಗಳಿಗೂ ಸಾಕಷ್ಟು ನೋಟುಗಳನ್ನು ಒದಗಿಸಲು ರಿಸರ್ವ್ ಬ್ಯಾಂಕು ಏರ್ಪಾಡು ಮಾಡಿತು. ಎರಡನೆಯದು, ಸಾಕ್ಷಿ: ಐಸಿಐಸಿಐ ಬ್ಯಾಂಕಿಗೆ ಸಾಕಷ್ಟು ಬಂಡವಾಳವಿದೆ, ಕೈಯಲ್ಲಿ ಸಾಕಷ್ಟು ಹಣವಿದೆ ಎಂದು ಸೆಪ್ಟೆಂಬರ್ 30ರಂದು ರಿಸರ್ವ್ ಬ್ಯಾಂಕು ತಾನೇ ಪ್ರಕಟಣೆ ಹೊರಡಿಸಿತು. ಸಾಲುಗಳು ಕರಗಿದವು.

ಇಲ್ಲಿ ಗೆದ್ದುದು ಟೆಲಿವಿಷನ್ನೇ? ಬ್ಯಾಂಕಿನ ಯಜಮಾನನು ತನ್ನ ಬ್ಯಾಂಕು ಒಳ್ಳೆಯದೆಂದರೆ ಅದು ತನ್ನ ಮೊಸರನ್ನು ತಾನೇ ಹೊಗಳಿದಂತೆ. ಅದನ್ನು ಕೇಳಿ ಎ.ಟಿ.ಎಂ.ಗೆ ಹೋದವನ ಕೈಗೆ ನೋಟುಗಳು ಬಂದುದರಿಂದ ಮಾತಿಗೆ ಬೆಲೆ ಬಂದಿತು. ನೋಟು ಬರದೆ ಹೋಗಿದ್ದರೆ ಅದೇ ಸಂದರ್ಶನ ಮರುದಿನ ನಗೆಪಾಟಲಾಗುತ್ತಿತ್ತು.

ಎರಡು ಪರದೇಶದ ಪಾಠಗಳು

ಈ ಮಾತನ್ನು ಒರೆಗೆ ಹಚ್ಚಲು ಎರಡು ಹೊರನಾಡಿನ ಪ್ರಸಂಗಗಳಿವೆ. 1933ರ ಮಾರ್ಚ್ ತಿಂಗಳಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರು ಅಮೆರಿಕದ ಅಧ್ಯಕ್ಷರಾದಾಗ ಆ ದೇಶದ ಬ್ಯಾಂಕುಗಳು ಸಾಲು ಸಾಲಾಗಿ ಮುಚ್ಚುತ್ತಿದ್ದವು. ಅವರು ಮೊದಲು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. ಮಾರ್ಚ್ 9ರಂದು ಶಾಸನ ಸಭೆಯಿಂದ ಹೊಸ ಕಾನೂನನ್ನು ಮಾಡಿಸಿದರು. ಗಟ್ಟಿಯಾದ ಬ್ಯಾಂಕುಗಳನ್ನು ಮಾತ್ರ ತೆರೆಯುವುದೆಂದು ಗೊತ್ತುಮಾಡಿದರು. ಇಷ್ಟೆಲ್ಲ ಆದ ಮೇಲೆ 12ರ ಭಾನುವಾರ ರಾತ್ರಿ ರೇಡಿಯೋದ ಮುಂದೆ ಕುಳಿತು, ಠೇವಣಿಯಿಟ್ಟ ಹಣವನ್ನು ಬ್ಯಾಂಕು ಏನು ಮಾಡುತ್ತದೆ ಎಂಬಲ್ಲಿಂದ ತೊಡಗಿ, ಬಾಲಬೋಧೆಯಂತೆ ಎಲ್ಲವನ್ನೂ ವಿವರಿಸಿದರು. ಮರುದಿನ ಬ್ಯಾಂಕುಗಳು ತೆರೆಯತೊಡಗಿದಾಗ ಜನರು ಸಾಲುಗಟ್ಟಿದುದು ಹಣ ತೆಗೆಯುವುದಕ್ಕಲ್ಲ, ಮರಳಿ ಇಡುವುದಕ್ಕೆ. ಆ ಭಾಷಣದಲ್ಲಿ ಬಣ್ಣದ ಮಾತಿರಲಿಲ್ಲ. ಮಾಡಿ ಮುಗಿಸಿದ ಕೆಲಸದ ವರದಿಯಿತ್ತು.

ಇನ್ನೊಂದು ಪ್ರಸಂಗ ಬ್ರಿಟನ್ನಿನದು. ನಾರ್ದರ್ನ್ ರಾಕ್ ಎಂಬ ಬ್ಯಾಂಕು ತುರ್ತು ನೆರವಿಗಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೊರೆಹೊಕ್ಕಿದೆಯೆಂದು 2007ರ ಸೆಪ್ಟೆಂಬರ್ 13ರ ರಾತ್ರಿ ಬಿ.ಬಿ.ಸಿ. ವರದಿ ಮಾಡಿತು. ಮರುದಿನ ಬೆಳಗ್ಗೆ ಶಾಖೆಗಳ ಮುಂದೆ ಜನ ಸಾಲುಗಟ್ಟಿದರು. ಆ ದೇಶ 1866ರಿಂದೀಚೆಗೆ ಅಂಥ ದೃಶ್ಯವನ್ನು ಕಂಡಿರಲಿಲ್ಲ. ಬ್ಯಾಂಕಿನವರು ಧೈರ್ಯ ಹೇಳಿದರು. ಮೇಲ್ವಿಚಾರಣೆಯ ಅಧಿಕಾರಿಗಳೂ ಬ್ಯಾಂಕು ದಿವಾಳಿಯಾಗಿಲ್ಲವೆಂದರು. ಆದರೆ ಟೆಲಿವಿಷನ್ನಿನಲ್ಲಿ ಸಾಂತ್ವನದ ಮಾತಿನ ಪಕ್ಕದಲ್ಲಿಯೇ ಸಾಲಿನ ಚಿತ್ರವೂ ಕಾಣುತ್ತಿತ್ತು. ಜನ ನಂಬಿದುದು ಚಿತ್ರವನ್ನು. ಸೆಪ್ಟೆಂಬರ್ 17ರಂದು ಹಣಕಾಸು ಮಂತ್ರಿ ಅಲಿಸ್ಟೇರ್ ಡಾರ್ಲಿಂಗರು, ಆ ಬ್ಯಾಂಕಿನ ಠೇವಣಿಗಳಿಗೆ ಸರ್ಕಾರವೇ ಹೊಣೆಯೆಂದು ಸಾರಿದ ಮೇಲೆಯೇ ಸಾಲುಗಳು ಚದುರಿದವು. ಧೈರ್ಯದ ಮಾತು ಸಾಲದಾದಾಗ ಹೊಣೆಯ ಮಾತು ಕೆಲಸ ಮಾಡಿತು.

ಆಟದ ಮೈದಾನದಿಂದ ವಿಚಾರಣೆಯವರೆಗೆ

2008ರ ಆ ಕಷ್ಟದ ದಿನಗಳ ಒಂದು ಪ್ರಸಂಗವನ್ನು ಚಂದಾ ಕೊಚ್ಚಾರರೇ ಮುಂದೆ ತಮ್ಮ ಮಗಳಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. ಮಗನ ಸ್ಕ್ವಾಷ್ ಪಂದ್ಯವಿತ್ತು. ಅವರು ಎರಡು ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೆ ಹೋದರು. ಪಂದ್ಯ ನೋಡಲು ಬಂದಿದ್ದ ಬೇರೆ ತಾಯಂದಿರು ಅವರನ್ನು ಗುರುತಿಸಿದರು. ಇಂಥ ವೇಳೆಯಲ್ಲಿಯೂ ಮಗನ ಆಟ ನೋಡಲು ಬರುವಷ್ಟು ನೆಮ್ಮದಿ ಈಕೆಗಿದ್ದರೆ ಬ್ಯಾಂಕು ಭದ್ರವಾಗಿಯೇ ಇರಬೇಕೆಂದು ಅವರಿಗೆ ಧೈರ್ಯ ಬಂದಿತಂತೆ. ಸಂದರ್ಶನವಿಲ್ಲ, ಕ್ಯಾಮೆರಾ ಇಲ್ಲ; ಒಬ್ಬ ತಾಯಿ ಆಟ ನೋಡಲು ಬಂದುದಷ್ಟೇ. ಮುಖಕ್ಕೂ ನಡತೆಗೂ ಎಷ್ಟು ಬೆಲೆಯುಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಆದರೆ ಅದೇ ಬ್ಯಾಂಕಿನ, ಅದೇ ವ್ಯಕ್ತಿಯ ಬಾಳಿನಲ್ಲಿ ಹತ್ತು ವರ್ಷಗಳ ಮೇಲೆ ಬಂದ ಪರೀಕ್ಷೆ ಇನ್ನೊಂದು ಪಾಠ ಹೇಳುತ್ತದೆ. ಕಾಮತರ ಬಳಿಕ, 2009ರಲ್ಲಿ, ಕೊಚ್ಚಾರರು ಬ್ಯಾಂಕಿನ ಮುಖ್ಯಸ್ಥರಾದರು. ವಿಡಿಯೋಕಾನ್ ಸಮೂಹಕ್ಕೆ ಬ್ಯಾಂಕು ಕೊಟ್ಟ ಸಾಲದ ವಿಚಾರದಲ್ಲಿ ಅವರಿಗೆ ಕುಟುಂಬದ ಹಿತಾಸಕ್ತಿಯ ಸಂಬಂಧವಿತ್ತೆಂಬ ಆಪಾದನೆ 2018ರಲ್ಲಿ ದೊಡ್ಡದಾಗಿ ಎದ್ದಿತು. ಬ್ಯಾಂಕಿನ ಆಡಳಿತ ಮಂಡಲಿಯು ಆ ಮಾರ್ಚ್ ತಿಂಗಳಲ್ಲಿ ಅವರಲ್ಲಿ ಪೂರ್ಣ ವಿಶ್ವಾಸವಿದೆಯೆಂದು ಸಾರಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಮಂಡಲಿ ಸ್ವತಂತ್ರ ವಿಚಾರಣೆಯನ್ನು ಪ್ರಕಟಿಸಬೇಕಾಯಿತು. ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರು ವಿಚಾರಣೆ ನಡೆಸಿದರು. ಅಕ್ಟೋಬರಿನಲ್ಲಿ ಕೊಚ್ಚಾರರು ಪದವಿಯಿಂದ ಇಳಿದರು. 2019ರ ಜನವರಿಯಲ್ಲಿ, ವಿಚಾರಣೆಯ ವರದಿಯಂತೆ ಅವರಿಂದ ನೀತಿಸಂಹಿತೆಯ ಉಲ್ಲಂಘನೆಯಾಗಿದೆಯೆಂದು ಹೇಳಿ, ಅವರ ನಿರ್ಗಮನವನ್ನು ವಜಾ ಎಂದೇ ಪರಿಗಣಿಸುವುದಾಗಿ ಬ್ಯಾಂಕು ಪ್ರಕಟಿಸಿತು. ಆಪಾದನೆಗಳನ್ನು ಅವರು ಅಲ್ಲಗಳೆದಿದ್ದಾರೆ. ಅದರ ತೀರ್ಮಾನ ನ್ಯಾಯಾಲಯಗಳಿಗೆ ಸೇರಿದುದು.

ಇಲ್ಲಿ ಗಮನಿಸತಕ್ಕ ಅಂಶ ಬೇರೊಂದಿದೆ. 2008ರ ಪ್ರಶ್ನೆ, “ಬ್ಯಾಂಕಿನಲ್ಲಿ ನನ್ನ ಹಣವಿದೆಯೇ?” ಎಂಬುದು. ಅದಕ್ಕೆ ಉತ್ತರ ಬಲ್ಲವನು ಮುಖ್ಯಾಧಿಕಾರಿ, ಅವನು ಮಾತನಾಡಲೇಬೇಕಿತ್ತು. 2018ರ ಪ್ರಶ್ನೆ, “ಮುಖ್ಯಾಧಿಕಾರಿಯ ನಡತೆ ಸರಿಯೇ?” ಎಂಬುದು. ಅದಕ್ಕೆ ಉತ್ತರ ಹೇಳಲು ಮುಖ್ಯಾಧಿಕಾರಿಗೆ ಅಧಿಕಾರವಿಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲು ಯಾರಿಂದಲೂ ಆಗದು. ಆಡಳಿತ ಮಂಡಲಿ ಕೊಟ್ಟ ಪ್ರಶಸ್ತಿಪತ್ರವೇ ಎರಡು ತಿಂಗಳು ಬಾಳಲಿಲ್ಲವೆಂದ ಮೇಲೆ ಒಂದು ಸಂದರ್ಶನ ಎಷ್ಟು ದಿನ ಬಾಳೀತು? ಅಪವಾದ ಸುಳ್ಳಾಗಿದ್ದರೂ ಅದನ್ನು ತೊಳೆಯುವ ಜಾಗ ವಿಚಾರಣೆಯೇ ಹೊರತು ಸ್ಟುಡಿಯೋ ಅಲ್ಲ.

ಬ್ಯಾಂಕಿನ ಹೆಸರು ಮತ್ತು ಬ್ಯಾಂಕಿನವನ ಹೆಸರು, ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ ಅನೇಕ ಅನರ್ಥಗಳಾಗುತ್ತವೆ. ಮೊದಲನೆಯದನ್ನು ಕಾಪಾಡಲು ಜನರೆದುರು ಬರುವುದು ಕರ್ತವ್ಯ. ಎರಡನೆಯದನ್ನು ಕಾಪಾಡಲು ಬ್ಯಾಂಕಿನ ಖರ್ಚಿನಲ್ಲಿ, ಬ್ಯಾಂಕಿನ ಪ್ರಚಾರ ಶಾಖೆಯ ನೆರವಿನಿಂದ ಪರದೆಯ ಮೇಲೆ ಬರುವುದು ಠೇವಣಿದಾರನ ಹಣದಿಂದ ತನ್ನ ಕೋಟನ್ನು ಇಸ್ತ್ರಿ ಮಾಡಿಸಿಕೊಂಡಂತೆ.

ಬಸವನಗುಡಿಯ ಹಿರಿಯರು

ಮಾತು ಸಾಲದ ಸಂದರ್ಭಗಳೂ ಉಂಟು. ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿತು; ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅದರ ಠೇವಣಿದಾರರಲ್ಲಿ ನಿವೃತ್ತರಾದ ಹಿರಿಯರು ಬಹಳ ಮಂದಿ. ಜೀವಮಾನದ ಉಳಿತಾಯವನ್ನು ಒಂದೇ ಕಡೆ ಇಟ್ಟವರಿದ್ದರು; ಬಡ್ಡಿಯಿಂದಲೇ ಔಷಧದ ಖರ್ಚು ನಡೆಸುತ್ತಿದ್ದವರಿದ್ದರು. “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯನ್ನು ಅವರು ಆ ದಿನಗಳಲ್ಲಿ ಎಷ್ಟು ಸಲ ನೆನೆದಿರಬೇಕು!

ಅವರಿಗೆ ಬೇಕಾಗಿದ್ದುದು ಯಾವ ಮುಖಂಡನ ಸಂದರ್ಶನವೂ ಅಲ್ಲ. ಹಣ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಯಾರು ಕೊಡುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ. ಆ ಉತ್ತರ ದೊರೆತುದು ಕಾನೂನಿನಿಂದ. 1960ರಲ್ಲಿ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ ಭಾರತದಲ್ಲಿ ಠೇವಣಿ ವಿಮೆಯ ಯೋಚನೆ ಬಲಗೊಂಡು, 1962ರಿಂದ ಅದು ಜಾರಿಗೆ ಬಂದಿತ್ತು. ಆಗ ಒಬ್ಬ ಠೇವಣಿದಾರನಿಗೆ ಸಿಗುತ್ತಿದ್ದ ರಕ್ಷಣೆ 1,500 ರೂಪಾಯಿ. 1993ರಲ್ಲಿ ಅದು ಒಂದು ಲಕ್ಷವಾಗಿ, 2020ರ ಫೆಬ್ರುವರಿಯಲ್ಲಿ ಐದು ಲಕ್ಷವಾಯಿತು. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ ವಿಮೆಯ ಹಣವನ್ನು 90 ದಿನಗಳೊಳಗೆ ಕೊಡಬೇಕೆಂದು 2021ರಲ್ಲಿ ತಿದ್ದುಪಡಿಯಾಯಿತು. ಹೀಗೆ ಹಣ ಪಡೆಯುವ ಬ್ಯಾಂಕುಗಳ ಪಟ್ಟಿಯಲ್ಲಿ ಬಸವನಗುಡಿಯ ಈ ಬ್ಯಾಂಕೂ ಸೇರಿತು. ಐದು ಲಕ್ಷದೊಳಗಿನ ಠೇವಣಿಯವರಿಗೆ ದಾರಿಯಾಯಿತು. ಅದಕ್ಕೂ ಹೆಚ್ಚು ಇಟ್ಟವರ ಕಣ್ಣೀರಿಗೆ ಅದು ಪೂರ್ಣ ಪರಿಹಾರವಾಗಲಿಲ್ಲ. ಆದರೂ ನೂರು ಆಶ್ವಾಸನೆಗಳಿಗಿಂತ ಆ ಒಂದು ಕಾನೂನಿನ ಸಾಲು ಹೆಚ್ಚು ತೂಕದ್ದಾಯಿತು.

ಹಾಗಾದರೆ ಮಾತೇ ಬೇಡವೇ?

ಬೇಕು. ಮೌನವೂ ಒಂದು ಬಗೆಯ ಮಾತೇ; ಅಪವಾದದ ಕಾಲದಲ್ಲಿ ಜನರು ಅದನ್ನು ತಪ್ಪೊಪ್ಪಿಗೆಯೆಂದೇ ಅರ್ಥ ಮಾಡುತ್ತಾರೆ. ಅಂಗೈಯಲ್ಲಿ ಹಿಡಿದ ಮೊಬೈಲಿನಲ್ಲಿ ಸುಳ್ಳು ಸುದ್ದಿ ಊರೂರು ಸುತ್ತುವ ಕಾಲದಲ್ಲಿ, ಬೆರಳು ಒತ್ತಿದರೆ ಹಣ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಾರುವ ಕಾಲದಲ್ಲಿ, ನಾಳೆ ನೋಡೋಣವೆಂದು ಕೂರುವ ಬ್ಯಾಂಕಿಗೆ ಉಳಿಗಾಲವಿಲ್ಲ.

ಆದರೆ ಆ ಮಾತಿಗೆ ಕೆಲವು ಕಟ್ಟುಪಾಡುಗಳಿರಬೇಕು. ಮೊದಲು ಹಣದ ಏರ್ಪಾಡು, ಆಮೇಲೆ ಮಾತಿನ ಏರ್ಪಾಡು. ಹೇಳುವ ಅಂಕಿ ನಾಳೆ ಲೆಕ್ಕ ಪರಿಶೋಧಕನ ವರದಿಯಲ್ಲಿಯೂ ಅದೇ ಆಗಿರಬೇಕು. ನಷ್ಟವಾಗಿದ್ದರೆ ಎಷ್ಟೆಂದು ತಾನಾಗಿಯೇ ಹೇಳಬೇಕು. ಇನ್ನೊಬ್ಬನು ಹೊರಗೆಡಹುವ ಸತ್ಯಕ್ಕೆ ಹತ್ತು ಪಟ್ಟು ವಿಷ. ಕಠಿಣವಾದ ಪ್ರಶ್ನೆ ಕೇಳುವವನ ಮುಂದೆ ಕೂರಬೇಕೇ ಹೊರತು, ಮೊದಲೇ ಪ್ರಶ್ನೆಗಳನ್ನು ಕೊಟ್ಟು ಕೇಳಿಸಿಕೊಳ್ಳುವ ನಾಟಕವಾಡಬಾರದು. ಅಪವಾದ ತನ್ನ ಮೇಲೆಯೇ ಇದ್ದರೆ ಕುರ್ಚಿಯಿಂದ ಸರಿದು ನಿಂತು, ವಿಚಾರಣೆಗೆ ದಾರಿ ಬಿಟ್ಟು, ಬ್ಯಾಂಕಿನ ಪರವಾಗಿ ಮಾತನಾಡುವ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಬ್ಯಾಂಕಿನವರಿಗೆಂದೇ ಹುಟ್ಟಿದಂತಿದೆ.

ಇನ್ನೊಂದು ಕಟ್ಟುಪಾಡು ಭಾಷೆಯದು. ದೊಡ್ಡ ಬ್ಯಾಂಕುಗಳ ಮುಖ್ಯಸ್ಥರ ಸಂದರ್ಶನಗಳು ಬಹುಮಟ್ಟಿಗೆ ಇಂಗ್ಲಿಷಿನ ವಾಣಿಜ್ಯ ವಾಹಿನಿಗಳಲ್ಲಿ ನಡೆಯುತ್ತವೆ. ಅವು ತಲುಪುವುದು ಷೇರುಗಳನ್ನು ಕೊಂಡು ಮಾರುವವರನ್ನು. ಮಾರುಕಟ್ಟೆಯವನಿಗೆ ಇಂಗ್ಲಿಷಿನಲ್ಲಿ ಅಂಕಿ, ಹಳ್ಳಿಯವನಿಗೆ ಅವನ ನುಡಿಯಲ್ಲಿ ಬರಿಯ ಅಭಯ ಎಂಬ ಪಂಕ್ತಿಭೇದ ಸಲ್ಲದು. ಸಿಂಧನೂರಿನ ಶಾಖೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ ಅರ್ಧ ಹಾಳೆಯ ಪ್ರಕಟಣೆ, ಕೇಳಿದವರಿಗೆ ತಾಳ್ಮೆಯಿಂದ ಉತ್ತರಿಸುವ ಮ್ಯಾನೇಜರು, ತಡೆಯಿಲ್ಲದೆ ಹಣ ಕೊಡುವ ಕೌಂಟರು, ಇವು ಮೂರೂ ಸೇರಿದರೆ ಮುಂಬಯಿಯ ಸ್ಟುಡಿಯೋದ ಅರ್ಧ ಗಂಟೆಗೆ ಸಮನಾಗಬಲ್ಲವು.

ಮತ್ತೆ ಆ ಕ್ಯಾಂಪಿನ ಮನೆಗೆ ಬರೋಣ. ಒಮ್ಮೆ ಎಲ್ಲವನ್ನೂ ಬಿಟ್ಟು ಬಂದ ವಂಶದ ಅಜ್ಜಿ ಆಕೆ. ಹೆದರಬೇಡಿರೆಂಬ ಮಾತು ಆಕೆಯ ಪೀಳಿಗೆಗೆ ಹೊಸದಲ್ಲ. ಪರದೆಯ ಮೇಲಿನ ಕೋಟಿನವರ ಮುಖ ಆಕೆಗೆ ಹಿಡಿಸಿತೋ ಇಲ್ಲವೋ, ಬೆಳಗಾದೊಡನೆ ಪಾಸ್ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು, ಮೊಮ್ಮಗನನ್ನು ಕರೆದುಕೊಂಡು ಸಿಂಧನೂರಿನ ಬಸ್ಸು ಹತ್ತುತ್ತಾಳೆ. ಕೌಂಟರಿನಲ್ಲಿ ಎರಡು ಸಾವಿರ ರೂಪಾಯಿ ಕೇಳುತ್ತಾಳೆ. ಗುಮಾಸ್ತನು ಮುಖ ಸಿಂಡರಿಸದೆ ಎಣಿಸಿ ಕೊಡುತ್ತಾನೆ. ಆಕೆ ಎರಡು ಸಲ ಎಣಿಸಿ ನೋಡಿ, ಐನೂರನ್ನು ತರಕಾರಿಗೆಂದು ತೆಗೆದಿಟ್ಟು, ಉಳಿದುದನ್ನು ಅದೇ ಕಿಂಡಿಯಲ್ಲಿ ಮರಳಿ ನೀಡುತ್ತಾಳೆ:

“ಇದನ್ನು ಖಾತೆಗೇ ಹಾಕಪ್ಪ.”